ಕಿವಿಯ ಎಲುಬು

ಅಪ್ಪನ ಗೂಡಿನಲ್ಲಿ ಮಾತು ಕಡಿಮೆ, ಅರದ ಸದ್ದು ಹೆಚ್ಚು.
ಮೂಗಿಗೆ ಬಟ್ಟೆ ಬಿಗಿದು ಕೂತಿರುತ್ತಾನೆ, ಹುಬ್ಬಿನ ತುಂಬ ಬಿಳಿ ಪುಡಿ.
ಹೊರಗೆ ಮನೀಟ್ಸೊಕ್ ಬಂದರು, ಮಧ್ಯಾಹ್ನ ಮೂರಕ್ಕೇ ಕತ್ತಲು,
ಕಟ್ಟಿಹಾಕಿದ ದೋಣಿಗಳು ನಿದ್ದೆಗಣ್ಣಲ್ಲೇ
ಒಂದನ್ನೊಂದು ಗುದ್ದಿಕೊಳ್ಳುತ್ತವೆ.

ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು.
ಅವನ ಕೈಗೆ ಸತ್ತವರ ಎಲುಬು, ನನ್ನ ಕಣ್ಣಿಗೆ ಇದ್ದವರದು.
ಇಬ್ಬರದೂ ಒಂದೇ ಕಸುಬು ಅನ್ನುತ್ತಾನೆ.
ನಾನು ಒಪ್ಪುವುದಿಲ್ಲ.

ಚಿಕ್ಕವಳಿದ್ದಾಗ ಊಟ ಮುಗಿಸಿ
ಹಿಮಕೋಳಿಯ ಎರಡು ಕಾಲೆಲುಬು ತೊಳೆದಿಟ್ಟ.
ಒಂದು ವಿನೆಗರ್ ಸೀಸೆಗೆ, ಒಂದು ಒಲೆಯ ಕೆಂಡಕ್ಕೆ.
ವಾರ ಕಳೆದು ಸೀಸೆಯದನ್ನು ತೆಗೆದು
ದಾರದ ಹಾಗೆ ಗಂಟು ಹಾಕಿ ತೋರಿಸಿದ, ನಾನು ಕಿರುಚಿ ನಕ್ಕೆ.
ಕೆಂಡದ್ದು ಇದ್ದ ಹಾಗೇ ಇತ್ತು, ಬೆಳ್ಳಗೆ, ಚೆಂದಕ್ಕೆ.
ಮುಟ್ಟಿದೆ.
ಬೆರಳಿಗೆ ಬೂದಿ ಬಂತು.
"ಇದು ಬರೀ ನಾರು, ಅದು ಬರೀ ಸುಣ್ಣ.
ಎಲುಬು ಎಲ್ಲಿ ಹೋಯಿತು, ಹೇಳು?"

ಈಗಲೂ ಹೇಳಲು ಬರುವುದಿಲ್ಲ ನನಗೆ,
ಪರೀಕ್ಷೆ ಪಾಸಾದ ಮೇಲೂ.

ಚಿಕ್ಕಪ್ಪ ಇನೂರಾಕ್ ತಿಮಿಂಗಿಲದ ಬೇಟೆಗೆ ಹೋಗುವವನು.
ದೋಣಿಯ ಎಂಜಿನ್ನೊಂದರ ಲೆಕ್ಕಕ್ಕೆ
ಅಣ್ಣತಮ್ಮಂದಿರು ಮಾತು ಬಿಟ್ಟು ನಾಲ್ಕು ಚಳಿಗಾಲ.
ಆದರೂ ಈ ಸೆಪ್ಟೆಂಬರಿನಲ್ಲಿ ಯಾರೋ ಬಾಗಿಲು ತಟ್ಟಿದರು,
ತೆರೆದರೆ ಹೊಸ್ತಿಲ ಮೇಲೆ ತಿಮಿಂಗಿಲದ ಕಿವಿಯ ಎಲುಬು.
ಚಿಪ್ಪಿನ ಹಾಗೆ ಒಳಮಡಚಿದ ಮುಷ್ಟಿ,
ಎತ್ತಿದರೆ ಹೊಳೆಕಲ್ಲಿನ ಭಾರ.
ಇಳಿಜಾರಿನಲ್ಲಿ ಚಿಕ್ಕಪ್ಪನ ಬೆನ್ನು.

ಅರ ಅದರ ಮೇಲೆ ಜಾರಿತು, ಉಕ್ಕು ನಾಚಿಕೊಂಡಿತು.
ಮೂರು ದಿನ ಹಲ್ಲು ಕಚ್ಚಿದ ಅಪ್ಪ
ನಾಲ್ಕನೆಯ ದಿನ ಉಳಿ ಇಟ್ಟು ಸುತ್ತಿಗೆಯಿಂದ ಒಂದೇ ಒಂದು ತಟ್ಟು,
ಮೆಲ್ಲಗೇ.
ಪಿಂಗಾಣಿ ಬಟ್ಟಲು ಬಿದ್ದ ಸದ್ದು.
ಏಳು ಚೂರು. ನಾನು ಎಣಿಸಿದೆ.

ನೂರಕ್ಕೆ ಎಂಬತ್ತೈದರ ಮೇಲೆ ಖನಿಜವಂತೆ ಅದರಲ್ಲಿ.
ನಮ್ಮ ತೊಡೆಯೆಲುಬಿಗೂ ಇಲ್ಲದ ಗಟ್ಟಿತನ.
ಯಾರನ್ನೂ ಹೊರುವುದಿಲ್ಲ, ಯಾರಿಗೂ ಹಾಯುವುದಿಲ್ಲ,
ನೀರಿನ ಆಚೆಯಿಂದ ಬಂದ ದನಿಗೆ ಕಂಪಿಸಿದರೆ ಅದರ ಕೆಲಸ ಮುಗಿಯಿತು.
ಕೇಳುವುದಕ್ಕೆಂದೇ ಅಷ್ಟು ಗಟ್ಟಿ.
ಪೆಟ್ಟು ತಿನ್ನುವುದು ಅದರ ಹಣೆಯಲ್ಲಿ ಬರೆದಿಲ್ಲ.

ಅಪ್ಪ ಸಿಟ್ಟಿನಲ್ಲಿ ಮೂಲೆಯ ಹಿಮಸಾರಂಗದ ಕೊಂಬೆಳೆದು
ಅದಕ್ಕೂ ಬಿಟ್ಟ, ಬಲವಾಗಿ, ಮತ್ತೆ ಮತ್ತೆ.
ತುಸು ತಗ್ಗಿತು. ಅಷ್ಟೇ.
ಕೊಂಬು ಅನ್ನುತ್ತೇವೆ, ಅದೂ ಎಲುಬೇ,
ಸುಣ್ಣ ಕಡಿಮೆ, ನಾರು ಧಾರಾಳ.
ಗಂಡುಗಳು ತಲೆ ತಗ್ಗಿಸಿ ಗುದ್ದಾಡಿ, ಹಠ ಮುಗಿದ ಮೇಲೆ
ಉದುರಿಸಿ ನಡೆದುಬಿಡುತ್ತವೆ.

ನವೆಂಬರಿನ ಒಂದು ಬೆಳಗ್ಗೆ ಸ್ಟ್ರೆಚರ್ ಮೇಲೆ ಬಂದವನು ಚಿಕ್ಕಪ್ಪ.
ಹಡಗುಕಟ್ಟೆಯ ಮಂಜುಗಡ್ಡೆ.
ಅರುವತ್ತೊಂಬತ್ತರ ಸೊಂಟ
ಪರದೆಯ ಮೇಲೆ ತೆಳುವಾಗಿ ಮೂಡಿತು,
ಬಿಳಿ ಇರಬೇಕಾದಲ್ಲಿ ಬೂದು.
ಸುಣ್ಣ ಕರಗಿದ್ದು ಕಾಣುತ್ತದೆ. ನಾರು ಸವೆದದ್ದು
ನನ್ನ ಯಂತ್ರಕ್ಕೆ ಕಾಣುವುದಿಲ್ಲ.
ನೂಕ್‌ಗೆ ವಿಮಾನ ನಾಳೆ, ಗಾಳಿ ಒಪ್ಪಿದರೆ.

ಸಂಜೆ ಅಪ್ಪ ಬಂದ, ಹುಬ್ಬಿನ ಪುಡಿ ಒರೆಸದೆ.
ಕಾರಿಡಾರಿನಲ್ಲಿ ನಿಂತ, ಕಾಫಿ ಕುಡಿದ, ಮತ್ತೆ ನಿಂತ.
ನಾನು ಏನೂ ಹೇಳಲಿಲ್ಲ.
ಕೊನೆಗೆ ಒಳಗೆ ಹೋದ.

ಬಾಗಿಲ ಸಂದಿನಿಂದ ಕೇಳಿದ್ದು ಇಷ್ಟು:
"ಕೆತ್ತಿದೆಯಾ?"
"ಒಡೆಯಿತು."
ಬಹಳ ಹೊತ್ತು ಬರೀ ಹೀಟರಿನ ಗೊಣಗಾಟ.
"ಇನ್ನೊಂದು ಮನೆಯ ಕಿಟಕಿಯಲ್ಲಿದೆ.
ತಿಮಿಂಗಿಲಕ್ಕೆ ಎರಡು ಕಿವಿ, ಪೆದ್ದ."