ರಿಸೀಟಿನ ಪಿ

ರಿಸೀಟ್ ಬುಕ್ಕಿನ ಪ್ರೂಫ್ ಮ್ಯಾಲ ಬೆರಳಿಟ್ಟು
ಗಂಗಪ್ಪ ಹೆರಕಲ್ ಕೇಳಿದ:
“ಈ ಪಿ ಯಾಕ ಬೇಕೋ ಮಾರಾಯಾ?
ಯಾರೂ ಅನ್ನಾಂಗಿಲ್ಲ ಅದನ್ನ. ತಗದು ಒಗಿ.
ನೂರು ಪಾನಿಗೆ ನೂರು ಪಿ ಉಳೀತಾವು,
ಅಷ್ಟು ರೊಕ್ಕ ಮುರಕೋತೀನಿ.”

ಹತ್ತಿ ಅಡತಿಯವ. ಎಲ್ಲಾ ತೂಗಿ ನೋಡಾಂವ.
ನಾನು ಮೊಳೆ ಜೋಡಿಸಾಂವ, ನನಗೂ ಸೀಸದ ತೂಕ ಗೊತ್ತು:
ಮಾತಾಡೋ ಪಿಗೂ ಮಾತಾಡದ ಪಿಗೂ
ಒಂದೇ ಭಾರ.

ನನಗ ಕೆಲಸ ಕಲಿಸಿದ ಖಾಜೇಸಾಬ ನದಾಫಗ
ಇಂಗ್ಲಿಷ್ ಓದಾಕ ಬರತಿದ್ದಿಲ್ಲ.
ಮೊಳೆ ಅಂದ್ರ ಕನ್ನಡಿಯೊಳಗಿನ ಮಾರಿ.
ಬಿ ಯಾವುದು ಡಿ ಯಾವುದು
ಅವನ ಹೆಬ್ಬೆರಳಿಗೆ ಗೊತ್ತಿತ್ತು, ನಾಲಿಗಿಗಲ್ಲ.
“ನೈಟ್‌ನಾಗ ಜಿ ಹೆಚ್ ಇಡು. ಯಾಕಂತ ಕೇಳಬ್ಯಾಡ.
ಕಟ್ಟಿಮ್ಯಾಲ ಸುಮ್ಮನ ಕೂಡೋ ಮಂದಿ ಇರತಾರಲ್ಲ, ಹಂಗ ಅವು.
ಎಬ್ಬಿಸಿದ್ರ ಜಗಳ.”

ಮುಂದ ರದ್ದಿಗೆ ಬಂದ ಒಂದು ಹರಕು ಪುಸ್ತಕದಾಗ ಓದಿದೆ,
ಕಟ್ಟಿಮ್ಯಾಲಿನವರಿಗೂ ಒಂದು ಕಾಲಕ್ಕ ದನಿ ಇತ್ತಂತ.
ನೈಫಿನ ಕೆ ಬಾಯಾಗ ಕಟ್ ಅಂತಿತ್ತು,
ನೈಟಿನ ಜಿ ಹೆಚ್ ಗಂಟಲದಾಗ ಕೆರೀತಿತ್ತು.
ಬಾಯಿ ಬಿಟ್ಟಿತು. ಕೈ ಬಿಡಲಿಲ್ಲ.
ರಿಸೀಟಿನ ಪಿ ಕಥಿ ಬ್ಯಾರೆ. ಅದು ದತ್ತು ಬಂದದ್ದು.
ಲ್ಯಾಟಿನ್ ಕಲಿತವರು, ಮನಿತನದ ಗುರುತಿರಲಿ ಅಂತ
ತಂದು ನಡುಮನಿಯೊಳಗ ಕೂಡಿಸಿದರು.
ಇನ್ನ ಘೋಸ್ಟಿನ ಹೆಚ್—
ಇದನ್ನ ಓದಿ ನಾ ಎದ್ದು ನಿಂತೆ—
ಅದನ್ನ ಇಟ್ಟಾಂವ ನನ್ನಂಥವನೇ, ಮೊಳೆ ಜೋಡಿಸಾಂವ!
ಕಡಲಾಚಿಂದ ದುಡಿಯಾಕ ಬಂದಿದ್ದನಂತ,
ಕೈಗೆ ತನ್ನ ಊರಿನ ರೂಢಿ.
ಸಂಜಿ ಹೊತ್ತಿರಬೇಕು, ದೀಪ ಸಣ್ಣದಿರಬೇಕು.
ಐದುನೂರು ವರ್ಷಾತು,
ಇಂಗ್ಲಿಷಿನ ದೆವ್ವಗಳೆಲ್ಲ ಅವನ ಹೆಬ್ಬೆರಳು ಹೊತ್ಕೊಂಡು ತಿರಗತಾವು.
ನಾವಂತೂ ಅದಕ್ಕ ಮಹಾಪ್ರಾಣಾನ ಕೊಟ್ಟೇವಿ.

ನಾವೇನು ಕಡಿಮಿ?
ಬಾಗಲಕೋಟೆ ಅಂತ ಜೋಡಿಸತೀನಿ,
ಬಾಗಲಕ್ವಾಟಿ ಅಂತ ಕರೀತೀನಿ.
ಅರ್ಕಾವತ್ತು ಮೊದಲ ಮಾತಾಡಿ
ಕಡೀಕ ಹೋಗಿ ಕೂಡತೈತಿ.
ಬಾದಾಮಿ ಬಂಡಿಮ್ಯಾಲ ಕೆತ್ತಿದ ೞ
ನಮ್ಮ ಮೊಳೆಪೆಟ್ಟಿಗಿಯೊಳಗ ಖಾನೇನ ಇಲ್ಲ ಅದಕ್ಕ.
ದನಿ ಹೋದರೂ ಅವರು ಅಕ್ಷರ ಇಟಗೊಂಡರು,
ನಾವು ಮಣ್ಣು ಕೊಟ್ಟು ಕೈ ತೊಳಕೊಂಡಿವಿ.

ಹಿನ್ನೀರು ಏರಿದ ವರ್ಷ
ಟ್ರ್ಯಾಕ್ಟರಿನ್ಯಾಗ ಪ್ರೆಸ್ಸು ನವನಗರಕ್ಕ ಬಂತು.
ದಾರಿಯೊಳಗ ಪೆಟ್ಟಿಗಿ ಉರುಳಿ
ಕನ್ನಡ ಇಂಗ್ಲಿಷು ಕಲಸಿ ಒಂದಾದವು.
ಮೂರು ವಾರ ಆರಿಸಿದೆ,
ಜ್ವಾಳದಾಗಿನ ಹಳ್ಳು ಆರಿಸಿದಂಗ.
ಇಂದಿಗೂ ಒಂದೊಂದು ಸಲ
ಕಕಾರದ ಖಾನೆಯೊಳಗ
ಒಂದು ಕೆ ಸಿಗತೈತಿ, ಸುಮ್ಮನ ಮಲಗಿರತೈತಿ.

ಮೊನ್ನೆ ದ್ರಾಕ್ಷಾಯಣವ್ವ ಮುಚಖಂಡಿ ಬಂದಿದ್ದಳು,
ಮಗನ ಲಗ್ನಪತ್ರಿಕಿ ಹಾಕಸಾಕ.
“ದಾಕ್ಷಾಯಣಿ ಅಲ್ಲೇನವಾ? ಈ ರ ಎಲ್ಲಿಂದ ಬಂತು?”
“ಸಾಲಿ ಮಾಸ್ತರ ಹಂಗ ಬರದಾನ,
ರೇಶನ್ ಕಾರ್ಡಿನಾಗ ಹಂಗ ಐತಿ.
ನಲವತ್ತು ವರ್ಷ ಕರದಾರ, ಓ ಅಂದೀನಿ.”
ವಿಳಾಸ ಹೇಳಿದಳು: ಸೆಕ್ಟರ್ ನಂಬರ್, ಪ್ಲಾಟ್ ನಂಬರ್,
ಅದರ ಮ್ಯಾಲ ಒಂದು ಸಾಲು, ಕಿಲ್ಲಾ ಓಣಿ.

“ಅಲ್ಲೀಗ ಮೀನ ಅದಾವಲ್ಲವಾ.”

“ಯಾರಿಗೆ ಹೋಗ ಅಂದೀನಿ ಅಲ್ಲಿಗೆ?
ಓದೂದು ಬ್ಯಾಡ. ಇರಲಿ.”

ಸಣ್ಣ ಮೊಳಿಯೊಳಗ ಜೋಡಿಸಿದೆ.
ಕಿ, ಆಮ್ಯಾಲ ಲ್ಲಾ. ಮಸಿ ಹಚ್ಚಿ ಒತ್ತಿದೆ,
ಹಾಳಿ ಹಸಿ ಇದ್ದಾಗ ಊದಿದೆ.

ಗಂಗಪ್ಪಗ ಹುಡುಗನ ಕೈಲೆ ಹೇಳಿ ಕಳಿಸೀನಿ:
ಪಿ ಇರತೈತಿ.
ರೊಕ್ಕ ಮುರಿಯಾಂಗಿಲ್ಲ.