ಮುಳ್ಳಿನ ಪಟ್ಟಿ

ಕುಲುಮೆ ಆರುವ ಹೊತ್ತಿಗೆ ಹೋಗಿ ಕೂತೆ.
ಸಿದ್ದಾಚಾರಿ ನನ್ನ ಕೈಯಲ್ಲಿನ ದಾರ ನೋಡಿದ,
ಅಂಚೆ ಚೀಲದ ಬಾಯಿ ಕಟ್ಟುವ ದಾರ,
ಕಡ್ಲೆಯ ಕತ್ತಿನ ಅಳತೆಗೆ ಗಂಟು ಹಾಕಿ ತಂದದ್ದು.
“ಯಾವಾಗ ಕಂಡದ್ದು?”
“ಶುಕ್ರವಾರ. ಚೆಂಡುಹೂವಿನ ಹೊಲದ ಬದುವಲ್ಲಿ. ಹೆಜ್ಜೆ ಮಾತ್ರ.”
“ಹೆಜ್ಜೆ ಸಾಕು ಕನವ್ವ.
ಚಿರತೆಗೆ ನಾಯಿ ಅಂದ್ರೆ ನಮಗೆ ಮಾವಿನಕಾಯಿ ಇದ್ದಂಗೆ,
ಹಸಿವೇ ಇರ್ಬೇಕು ಅಂತ ಇಲ್ಲ.”

ತಾಳವಾಡಿಯಿಂದ ಈಚೆಗೆ, ಕಾಡಂಚಿನಲ್ಲಿ,
ನಾಯಿ ಸಾಕುವುದೆಂದರೆ ಸಂಜೆ ಆರರ ಮೇಲೆ ಎಣಿಸುವುದು.
ಇರುವುದು ಒಂದೇ.
ಆದರೂ ಎಣಿಸುತ್ತೇನೆ.

ಟೆಂಪೋದವನು ಬಿಸಾಡಿದ ಕಡ್ಲೆಕಾಯಿ ಗೋಣಿಯ ಮೂಲೆಯಲ್ಲಿ
ಒಂದು ಹಿಡಿಯಷ್ಟು ಸಿಕ್ಕವಳು, ಕಿವಿ ತುಂಬ ಉಣುಗು.
ಪಶುವೈದ್ಯರು ಈರೋಡಿನವರು.
ಹೆಸರು ಕೇಳಿ ನಕ್ಕು, ರಿಜಿಸ್ಟರಿನಲ್ಲಿ ‘ಕಡಲೈ’ ಎಂದು ಬರೆದು
ಸೂಜಿ ಚುಚ್ಚಿದರು.
ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಹುರಿದ ಕಾಯಿ ಮಾರುವವನು
“ಕಡಲೈ, ಕಡಲೈ” ಎಂದು ಕೂಗಿದರೆ
ನನ್ನ ಕಾಲ ಹಿಂದೆ ಅವಿತುಕೊಳ್ಳುತ್ತಾಳೆ.
ಆ ಐಕಾರದ ತುದಿಯಲ್ಲಿ ಅವಳಿಗೊಂದು ಸೂಜಿ ಇದೆ.

ಮೂರು ಊರಿನ ಟಪಾಲು ನಾವಿಬ್ಬರೂ ಹಂಚುತ್ತೇವೆ.
ಪಿಂಚಣಿ ಬಂದ ಮನೆಗೆ ನನಗಿಂತ ಮೊದಲೇ ಓಡುತ್ತಾಳೆ.
ಕೋರ್ಟಿನ ಲಕೋಟೆ ಇದ್ದ ದಿನ ಬೇಲಿಯಾಚೆಗೇ ಕೂತುಬಿಡುತ್ತಾಳೆ.
ನಿಜ ಹೇಳಬೇಕೆಂದರೆ, ಪಿಂಚಣಿ ಮನೆಯಲ್ಲಿ ಬನ್ನು ಸಿಗುತ್ತದೆ.
ಆದರೆ ಊರು ಅದನ್ನು ಶಕುನ ಮಾಡಿಕೊಂಡಿದೆ;
ಪುಟ್ಟಬಸಮ್ಮ ನನ್ನ ಮುಖ ನೋಡುವುದಿಲ್ಲ,
ಅವಳ ಬಾಲ ನೋಡುತ್ತಾರೆ.

ಒಮ್ಮೆ ಮೊಹರಿನ ಪ್ಯಾಡು ನೆಕ್ಕಿ
ಮೂರು ದಿನ ನಾಲಿಗೆ ಕಪ್ಪು.
“ಕರಿನಾಲಿಗೆಯವಳೇ, ಏನೂ ನುಡಿಯಬೇಡ ಕಣೆ” ಎಂದು ನಗಾಡಿದ್ದೆ.
ಆ ರಾತ್ರಿಯೇ ಅವಳು ಕಾಡಿನ ಕಡೆ ಮುಖ ಮಾಡಿ ನಿಂತು
ಬೆಳಗಿನವರೆಗೂ ನುಡಿದಳು.

ಮರಕ್ಕೆ ಕಟ್ಟಿದ ಕ್ಯಾಮೆರಾದಲ್ಲಿ ಸಿಕ್ಕ ಚಿತ್ರವನ್ನು
ವಾಚರ್ ಕೇತೇಗೌಡ ಮೊಬೈಲಿನಲ್ಲಿ ತೋರಿಸಿದ.
ಎರಡು ಕಣ್ಣು, ಮಿಕ್ಕಿದ್ದು ಕತ್ತಲೆ.
“ಹೆಣ್ಣು. ಎರಡು ಮರಿ ಹಾಕದೆ” ಎಂದ, ಒಂದಿಷ್ಟು ಹೆಮ್ಮೆಯಿಂದಲೇ.
ಅದಕ್ಕಾಗಿಯೂ ಎಲ್ಲೋ ಯಾರೋ ಕಾಯುತ್ತಿವೆ ಎಂಬುದು
ನನಗೆ ಬೇಡವಾಗಿದ್ದ ಸುದ್ದಿ.

ಹಳೇ ಬೆಲ್ಟು, ತಗಡು, ಹೊರಮುಖವಾಗಿ ಹನ್ನೆರಡು ಮೊಳೆ.
ಇನ್ನೂರು ಕೊಟ್ಟೆ. ನೂರು ಹಿಂದಕ್ಕೆ ಕೊಟ್ಟ ಸಿದ್ದಾಚಾರಿ,
“ನಂದೂ ಒಂದಿತ್ತು” ಎಂದು
ತಿದಿಯ ಕಡೆ ತಿರುಗಿಕೊಂಡ.

ಮೊದಲ ರಾತ್ರಿ, ಎಂದಿನಂತೆ ಮಡಿಲಿಗೆ ತಲೆ ಇಡಲು ಬಂದಳು.
ಹಾ ಎಂದೆ.
ಬೈದೆನೆಂದುಕೊಂಡು ಮೂಲೆಗೆ ಹೋಗಿ ಗೋಡೆ ನೋಡುತ್ತ ಕೂತಳು.
ಹೇಗೆ ಹೇಳುವುದು ಅವಳಿಗೆ,
ಈ ಮುಳ್ಳು ನಿನಗಲ್ಲ, ನನಗೂ ಅಲ್ಲ ಎಂದು?
ಎರಡು ಬೆರಳು ಮಾತ್ರ ಚಾಚಿ, ಎರಡು ಕಣ್ಣಿನ ನಡುವಿನ
ಆ ಸುಳಿಯನ್ನು ಸವರಿದೆ.
ನಾಲ್ಕನೆಯ ದಿನ ತಾನೇ ಉಪಾಯ ಕಂಡುಕೊಂಡಳು:
ಹಿಮ್ಮುಖವಾಗಿ ಬಂದು, ಬೆನ್ನು ನನಗೆ ಕೊಟ್ಟು,
ಮುಳ್ಳನ್ನೆಲ್ಲ ಬಾಗಿಲ ಕಡೆಗೆ ಇಟ್ಟು ಮಲಗಿದಳು.

ಬೊಗಳಿದರೆ ಎದ್ದು ಕೂರುತ್ತೇನೆ.
ಬೊಗಳುವುದು ನಿಂತರೆ ಎದ್ದು ನಿಲ್ಲುತ್ತೇನೆ.
ಟಾರ್ಚಿನ ಸೆಲ್ಲಿಗೆ ತಿಂಗಳಿಗೆ ಎಷ್ಟಾಯಿತೆಂದು ಲೆಕ್ಕ ಇಟ್ಟಿಲ್ಲ.
ಆನೆ ಬಂದರೆ ಪಟಾಕಿ ಹೊಡೆಯುತ್ತಾರೆ, ಊರೇ ಎದ್ದಿರುತ್ತದೆ.
ಇದು ಸದ್ದಿಲ್ಲದೆ ಬರುವಂಥದ್ದು,
ಒಬ್ಬಳೇ ಎದ್ದಿರಬೇಕು.

ನಿನ್ನೆ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ
ಒಂದು ಮೊಳೆಗೆ ಏನೋ ಸಿಕ್ಕಿಕೊಂಡಿತ್ತು, ಹಳದಿ, ಎಳೆಯಷ್ಟು.
ಎದೆ ಧಸಕ್ಕೆಂದಿತು.
ಅವಳ ಮೈಯೆಲ್ಲ ತಡವಿದೆ, ಕತ್ತು, ಹೊಟ್ಟೆ, ತೊಡೆಸಂದಿ.
ಗಾಯವಿಲ್ಲ; ಕಚಗುಳಿ ಎಂದುಕೊಂಡು ಅಂಗಾತ ಬಿದ್ದಳು.
ಎಳೆಯನ್ನು ಬೆಳಕಿಗೆ ಹಿಡಿದೆ.
ನನ್ನದೇ ಸೀರೆ. ಸೆರಗಿನದು.

ಆಚೆ ಬಸ್ಸಿನ ಹಾರನ್ನು, ಎಂಟೂವರೆಯದು.
ನಾನಿನ್ನೂ ಚಪ್ಪಲಿ ಹುಡುಕುತ್ತಿದ್ದೆ,
ಒಂದು ಅವಳ ಬಾಯಲ್ಲಿತ್ತು.