ಒಲೆಗೆ ಒಂದಾಳು

ಕೀಲಾರದ ಆಲೆಮನೆ. ಒಲೆಗುಂಡಿಗಿಳಿದು ಕೆಂಪಾಜಮ್ಮ
ರಚ್ಚು ತಳ್ಳುತ್ತಾಳೆ, ಬೆಂಕಿ ನುಂಗುತ್ತದೆ.
ಕೂಲಿ ಪುಸ್ತಕ ಮಡಿಚಿಟ್ಟು ನಾನು
ಗ್ರೀಕರ ಹೆಸ್ತಿಯಾಳ ಕಥೆ ಹೇಳಿದೆ:

ದೇವರೆಲ್ಲ ಪಕ್ಷ ಕಟ್ಟಿಕೊಂಡು
ಟ್ರಾಯ್ ಕೋಟೆಗೆ ಹೊಡೆದಾಟಕ್ಕೆ ಹೋದಾಗ
ಇವಳೊಬ್ಬಳು ಒಲೆ ಬಿಟ್ಟು ಕದಲಲಿಲ್ಲ.
ಹೆಂಡದ ದೇವರು ಬಂದ; ತನ್ನ ಪೀಠ ಕೊಟ್ಟು
ಬೂದಿಯ ಪಕ್ಕ ಕೂತಳು.
ಊಟದ ಮೊದಲ ತುತ್ತು ಅವಳದು,
ಕಡೆಯದೂ ಅವಳದೇ.
ಅಷ್ಟುದ್ದದ ಯುದ್ಧದ ಕಾವ್ಯದಲ್ಲಿ ಮಾತ್ರ
ಅವಳಿಗೊಂದು ಸಾಲಿಲ್ಲ.

ಕೊಪ್ಪರಿಗೆಯ ನೊರೆ ಹಳದಿಗೆ ತಿರುಗಿತು.
ತಲೆಯೆತ್ತದೆ ಅಂದಳು:
"ಎದ್ದೋಗಿದ್ರೆ ಪಾಕ ಸೀದೋಗ್ತಿತ್ತಲ್ಲ.
ಅದಿರ್ಲಿ, ಕೂಲಿ ಎಷ್ಟು ಕೊಡೋರಂತೆ?"

ಪುಸ್ತಕ ಬಿಡಿಸಿದೆ.
ಹನ್ನೊಂದು ವರ್ಷದಿಂದ ನನ್ನದೇ ಅಕ್ಷರ:
ಒಲೆಗೆ, ಒಂದಾಳು.